‘ಜ’ ಅಕ್ಷರ ಬರುವ ತನಕ

ನವೆಂಬರ್ ೩

ತಂಗಿಗೆ,

ನೀನು ಕ್ಷೇಮ, ಗುಂಡಿ ಕ್ಷೇಮ, ನಿನ್ನ ಹೊಲಿಗೆ ಯಂತ್ರವೂ ಕ್ಷೇಮ ಎಂದು ನಂಬಿ ಬರೆಯುತ್ತಿದ್ದೇನೆ. ಫೋನ್ ಮಾಡಬೇಡ. ನನ್ನ ಎಡಗಿವಿ ಪೂರ್ತಿ ನಿವೃತ್ತಿಯಾಗಿದೆ, ಬಲಗಿವಿ ದೀರ್ಘ ರಜೆಯಲ್ಲಿದೆ. ಏನಿದ್ದರೂ ಕಾಗದದಲ್ಲೇ ಆಗಲಿ.

ಒಂದು ಸುದ್ದಿ. ಪ್ರೆಸ್ಸಿನ ಯಜಮಾನರು ಮನೆಗೆ ಬಂದಿದ್ದರು. “ಇಷ್ಟು ವರ್ಷ ಜಡ್ಜ್ ಸಾಹೇಬರ ಕೆಳಗಿನ ಮೇಜಿನಲ್ಲಿ ಕೂತು ಕೇಸು ಕರೆಸಿದೀರಿ. ಕೋರ್ಟಿನ ಮಾತು ಕೇಳಿದ್ರೇನೇ ಜನಕ್ಕೆ ಜ್ವರ ಬರುತ್ತೆ. ಆ ಪದಗಳಿಗೆಲ್ಲ ಸುಲಭವಾಗಿ ಅರ್ಥ ಬರೆದುಕೊಡಿ, ಪುಸ್ತಕ ಮಾಡೋಣ” ಅಂದರು. ನಿನ್ನ ಅತ್ತಿಗೆ ಇದ್ದಿದ್ದರೆ ನಕ್ಕಿರುತ್ತಿದ್ದಳು. ಇದನ್ನೇ ಬರಿ ಬರಿ ಎಂದು ನನ್ನ ಪ್ರಾಣ ತಿಂದವಳು ಅವಳು. ಅವಳು ಹೋದ ಮೇಲೆ ಬೆಳಿಗ್ಗೆ ಏಳುವುದಕ್ಕೆ ನನಗೊಂದು ಕಾರಣ ಬೇಕಾಗಿತ್ತು. ಒಪ್ಪಿಕೊಂಡೆ.

ಮೊದಲ ಓದು ನಿನ್ನದು. ನಿನಗೆ ಅರ್ಥವಾದರೆ ಊರಿಗೆಲ್ಲ ಅರ್ಥವಾದಂತೆ. (ಮೂಗು ಮುರಿಯಬೇಡ, ಹೊಗಳಿದ್ದೇನೆ.) ಒಂದೇ ಷರತ್ತು: ಅಕ್ಷರಮಾಲೆಯ ಸರದಿ ತಪ್ಪಬಾರದು. ಕೋರ್ಟಿನಲ್ಲಿ ನಾನು ಯಾರ ಕೇಸನ್ನೂ ಸರದಿ ತಪ್ಪಿಸಿ ಕರೆಸಿದವನಲ್ಲ, ಮಂತ್ರಿಯ ಅಳಿಯನದಾದರೂ ಅಷ್ಟೆ.

ಇಗೋ, ಮೊದಲ ಕಂತು.

ಅಪರಾಧಿ: ತಪ್ಪು ಮಾಡಿದ್ದಾನೆಂದು ನ್ಯಾಯಾಲಯ ತೀರ್ಮಾನಿಸಿದವನು. ಆರೋಪಿ ಎಂದರೆ ತಪ್ಪು ಮಾಡಿದ್ದಾನೆಂದು ಯಾರ ಮೇಲೆ ದೂರು ಬಂದಿದೆಯೋ ಅವನು, ಅಷ್ಟೆ. ಇವೆರಡರ ನಡುವೆ ಇಡೀ ಒಂದು ವಿಚಾರಣೆ ಇದೆ. ಬೀದಿಯ ಜನ ಅದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತಾರೆ.

ಅಫಿಡವಿಟ್: ‘ನಾನು ಹೇಳುತ್ತಿರುವುದು ನಿಜ’ ಎಂದು ಪ್ರಮಾಣ ಮಾಡಿ, ಅಧಿಕಾರಿಯ ಮುಂದೆ ಸಹಿ ಹಾಕಿದ ಹೇಳಿಕೆ. ಬಾಯಿಮಾತಿನ ಸುಳ್ಳು ಗಾಳಿಗೆ ಹೋಗುತ್ತದೆ, ಇದರಲ್ಲಿ ಹೇಳಿದ ಸುಳ್ಳು ಜೈಲಿಗೆ ಕರೆದೊಯ್ಯಬಹುದು.

ಗುಂಡಿಗೆ ಮಾವನ ಮುತ್ತು.

ಅಣ್ಣ

•

ನವೆಂಬರ್ ೨೦

ಅಣ್ಣನಿಗೆ,

ಶಾಲೆಗಳ ಸಮವಸ್ತ್ರ ರಾಶಿ ಬಿದ್ದಿದೆ. ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಆದರೂ ನಿನ್ನ ಕಂತನ್ನು ಎರಡು ಸಲ ಓದಿದೆ. ಎಲ್ಲ ಅರ್ಥವಾಯಿತು. ಆದರೆ ಸ್ವಾಮಿ, ಸರದಿ ತಪ್ಪಬಾರದು ಎಂದವರು ಯಾರು? ‘ಅ’ ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ‘ಆ’ದಿಂದ ಆರೋಪಿಯನ್ನು ಎಳೆದುಕೊಂಡು ಬಂದಿದ್ದೀಯ! ಹೇಳುವುದು ಒಂದು, ಮಾಡುವುದು ಇನ್ನೊಂದು.

ಗುಂಡಿಯ ಮುಂದಿನ ಎರಡು ಹಲ್ಲು ಬಿದ್ದಿವೆ. ‘ಮಾವ’ ಎನ್ನಲು ಹೋಗಿ ‘ಮಾಫ’ ಎನ್ನುತ್ತಾಳೆ. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು, ಅಂಗಿಗುಂಡಿಗಳ ಡಬ್ಬಿಯನ್ನು ನೆಲಕ್ಕೆ ಸುರಿದುಕೊಂಡು ಬಣ್ಣ ಬೇರೆ ಮಾಡುತ್ತ ಕೂರುತ್ತಾಳೆ. ಮೂರು ವರ್ಷದವಳಿದ್ದಾಗ ಒಂದನ್ನು ನುಂಗಿ ಈ ಹೆಸರು ಸಂಪಾದಿಸಿದ್ದು ಅವಳಿಗೆ ಇನ್ನೂ ಹೆಮ್ಮೆ.

ಒಂದು ಮಾತು ಕೇಳಬೇಕು. ಅಂಗಡಿಗೆ ಬರುವ ಒಬ್ಬ ಗಿರಾಕಿ ಕೇಳಿದಳು. ಕೋರ್ಟಿನಿಂದ ಬಂದ ಲಕೋಟೆಯನ್ನು ಒಬ್ಬರು ತೆಗೆದುಕೊಳ್ಳದೇ ಹೋದರೆ ಏನಾಗುತ್ತದೆ? ಬಿಡುವಾದಾಗ ಬರೆ.

ತಂಗಿ

•

ನವೆಂಬರ್ ೨೦, ಸಂಜೆ

ಅಣ್ಣಾ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಗಿರಾಕಿ ಯಾರೂ ಇಲ್ಲ. ನಾನೇ ಅವಳು. ದೊಡ್ಡ ಕೆಲಸ ಸಿಕ್ಕಿತೆಂದು ಹೋದ ಗುಂಡಿಯ ಅಪ್ಪ ಮೂರು ವರ್ಷ ಈ ಕಡೆ ತಲೆ ಹಾಕಿರಲಿಲ್ಲ. ಈಗ ಅವರಿಗೆ ಮನೆ ಆಗಿದೆ, ಮಗಳು ನೆನಪಾಗಿದ್ದಾಳೆ. ಹೋದ ತಿಂಗಳು ಅಂಗಡಿಗೆ ಫೋನ್ ಮಾಡಿ, “ಅವಳನ್ನ ನನ್ನ ಹತ್ರ ಕಳಿಸು. ಕಳಿಸ್ದಿದ್ರೆ ಕೋರ್ಟಿಂದ ಕರ್ಕೊಂಡು ಹೋಗ್ತೀನಿ” ಅಂದರು. ಬರೀ ಬಾಯಿಮಾತು ಎಂದುಕೊಂಡೆ.

ಮೊನ್ನೆ ಅಂಚೆಯವರು ಮೊಹರಿದ್ದ ಲಕೋಟೆ ತಂದರು. ನನ್ನ ಕೈ ಮುಂದೆ ಹೋಗಿತ್ತು. ನಮ್ಮ ಕಟಿಂಗ್ ಮಾಸ್ತರು ಕತ್ತರಿ ಕೆಳಗಿಟ್ಟು ಓಡಿಬಂದು, “ಮುಟ್ಬೇಡಮ್ಮಾ! ಕೈ ಚಾಚಿದ್ರೆ ಕೇಸು, ಚಾಚ್ದೇ ಇದ್ರೆ ಬರೀ ಕಾಗದ. ನಮ್ಮ ಷಡ್ಡಕ ಹೀಗೇ ತಪ್ಪಿಸಿಕೊಂಡ” ಅಂದರು. ಅಂಚೆಯವರು, “ಬೇಡ್ವೇನಮ್ಮಾ? ನೋಡಿ ಹೇಳಿ” ಎಂದು ಮತ್ತೆ ಕೇಳಿದರು. ಬೇಡ ಅಂದೆ. ಲಕೋಟೆಯ ಮೇಲೆ ಏನೋ ಗೀಚಿಕೊಂಡು ಹೋದರು.

ನಿನಗೆ ಹೇಳಬೇಕು, ಗೊತ್ತು. ಆದರೆ ಅತ್ತಿಗೆ ಹೋದ ಮೇಲೆ ನೀನು ಬರೆದ ಕಾಗದಗಳಲ್ಲಿ ಸಾಲುಗಳೆಲ್ಲ ಕೆಳಕ್ಕೆ ಇಳಿಯುತ್ತಿದ್ದವು. ಈ ಸಲ ನೆಟ್ಟಗಿವೆ. ನನ್ನ ಗೋಳನ್ನು ಅದರ ಮೇಲೆ ಹೇರಲಾರೆ. ಪದಗಳ ಲೆಕ್ಕದಲ್ಲೇ ನಿನ್ನಿಂದ ಉತ್ತರ ತೆಗೆಯುತ್ತೇನೆ.

ಗುಂಡಿ ನನ್ನ ಕಾಲಿನ ಹತ್ತಿರ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕೂತು ಪಾಠ ಓದುತ್ತಿದ್ದಾಳೆ. ಇವಳನ್ನು ಬಿಟ್ಟು ನಾನು ಹೇಗಿರಲಿ?

•

ಡಿಸೆಂಬರ್ ೧೫

ತಂಗಿಗೆ,

ಆರೋಪಿಯ ವಿಷಯದಲ್ಲಿ ನನ್ನನ್ನು ಹಿಡಿದುಬಿಟ್ಟೆ. ಪಾಟೀಸವಾಲು ಎಂದರೆ ಇದೇ: ಸಾಕ್ಷಿ ಹೇಳಿದ್ದನ್ನೇ ತಿರುವಿ ಅವನ ಬಾಯಿಂದಲೇ ಸತ್ಯ ಹೊರಡಿಸುವುದು. ಅಪರಾಧಿಯ ಅರ್ಥ ಆರೋಪಿಯಿಲ್ಲದೆ ನಿಲ್ಲುವುದಿಲ್ಲ, ಆದ್ದರಿಂದ ವಿಶೇಷ ಅನುಮತಿ ಕೊಟ್ಟೆ. ಇನ್ನು ಯಾರಿಗೂ ಇಲ್ಲ!

ನಿನ್ನ ‘ಗಿರಾಕಿ’ಯ ಪ್ರಶ್ನೆ ಓದಿ ಬಹಳ ಹೊತ್ತು ನಗುತ್ತ ಕೂತೆ. ನಿನ್ನ ಅತ್ತಿಗೆಯೂ ಹೀಗೆಯೇ. “ಪಕ್ಕದ ಮನೆಯವರು ಕೇಳಿದ್ರು, ವಾರಂಟ್ ಅಂದ್ರೇನು?” ಎನ್ನುತ್ತಿದ್ದಳು. ಪಕ್ಕದ ಮನೆಗೆ ಆಗ ಬೀಗ ಹಾಕಿರುತ್ತಿತ್ತು. ಮುಂದಿನ ಕಂತು ಬೇಗ ಬರೆಯಲಿ ಎಂದು ನೀನೂ ಅವಳ ಉಪಾಯವನ್ನೇ ಹೂಡಿದ್ದೀಯ. ಅದು ತಿಳಿಯದಷ್ಟು ನಾನು ಪೆದ್ದನಲ್ಲ. ಗಿರಾಕಿಗೆ ಹೇಳು: ಅದು ‘ಜಾರಿ’ ಎಂಬ ಪದದ ಕೆಳಗೆ ಬರುತ್ತದೆ. ‘ಜ’ ಬರುವ ತನಕ ಸಾಲಿನಲ್ಲಿ ನಿಲ್ಲಲಿ.

ಏಕಪಕ್ಷೀಯ ಆದೇಶ: ಇಬ್ಬರ ವ್ಯಾಜ್ಯದಲ್ಲಿ ಒಬ್ಬರ ಮಾತನ್ನು ಮಾತ್ರ ಕೇಳಿ ಕೊಡುವ ಆದೇಶ. ನೋಟಿಸು ಜಾರಿಯಾದ ಮೇಲೂ ಎದುರಿನವರು ಬರದಿದ್ದರೆ ನ್ಯಾಯಾಲಯ ಅವರಿಗಾಗಿ ಕಾದು ಕೂರುವುದಿಲ್ಲ. ಜವಾನ ಬಾಗಿಲಲ್ಲಿ ನಿಂತು ಅವರ ಹೆಸರನ್ನು ಮೂರು ಸಲ ಕೂಗುತ್ತಾನೆ. ಯಾರೂ ಓಗೊಡದಿದ್ದರೆ ‘ಗೈರುಹಾಜರು’ ಎಂದು ಬರೆದು ಮುಂದೆ ಹೋಗುತ್ತಾರೆ.

ನಿನ್ನ ಗಂಡನ ಸುದ್ದಿ ಏನಾದರೂ ಇದೆಯೇ? ಸುಮ್ಮನೆ ಕೇಳಿದೆ.

ಅಣ್ಣ

•

ಜನವರಿ ೮

ಅಣ್ಣನಿಗೆ,

ಏಕಪಕ್ಷೀಯ ಚೆನ್ನಾಗಿ ಬಂದಿದೆ. ನನ್ನ ಗಿರಾಕಿಗೂ ಓದಿ ಹೇಳಿದೆ. ಅವಳ ಮುಖಕ್ಕೆ ಕಳೆ ಬಂತು. ನೋಟಿಸು ಜಾರಿಯಾದ ಮೇಲೆ ತಾನೇ ಇದೆಲ್ಲ? ಅವಳು ಕಾಗದವನ್ನು ಕೈಯಿಂದ ಮುಟ್ಟಿಯೇ ಇಲ್ಲವಲ್ಲ. ಅವಳಿಗೆ ಭಯವಿಲ್ಲ ಎಂದಾಯಿತು. ಆಮೇಲೆ ಯಾರೋ ಅವಳ ಮನೆ ಬಾಗಿಲಿಗೆ ಅದೇ ಕಾಗದವನ್ನು ಅಂಟಿಸಿ ಹೋಗಿದ್ದರಂತೆ. ಮಗು ಶಾಲೆಯಿಂದ ಬಂದು ಓದೀತೆಂದು, ಇಸ್ತ್ರಿಪೆಟ್ಟಿಗೆಯ ಹಬೆ ಹಿಡಿದು ಅಂಟು ಸಹ ಉಳಿಯದ ಹಾಗೆ ಬಿಡಿಸಿ ಒಲೆಗೆ ಹಾಕಿದಳಂತೆ. ಅದರಲ್ಲಿ ‘ಸುಪರ್ದಿ’ ಎಂಬ ಪದ ಇತ್ತಂತೆ. ಏನದು?

ಅವರ ಸುದ್ದಿ ಏನೂ ಇಲ್ಲ. ಯಾಕೆ ಕೇಳಿದೆ?

ಗುಂಡಿಗೆ ಹೊಸ ಹಲ್ಲು ಇಣುಕುತ್ತಿದೆ. ಈಗ ಅರ್ಧ ಮಾವ, ಅರ್ಧ ಮಾಫ.

ತಂಗಿ

•

ಫೆಬ್ರವರಿ ೨೦

ತಂಗಿಗೆ,

ತಡವಾಯಿತು. ನಿನ್ನ ಅತ್ತಿಗೆ ಹೋಗಿ ವರ್ಷ ತುಂಬಿತು. ಆ ವಾರವೆಲ್ಲ ಪೆನ್ನು ಹಿಡಿದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಊಟದ ಮೇಜಿನಲ್ಲಿ ಅವಳ ಕುರ್ಚಿಯ ಮೇಲೆ ಈಗ ಪುಸ್ತಕದ ಹಾಳೆಗಳನ್ನು ಇಟ್ಟಿದ್ದೇನೆ, ಖಾಲಿ ಕಾಣದಿರಲಿ ಎಂದು.

ನಿನ್ನ ಗಿರಾಕಿಯ ಕಥೆ ಕಂತಿನಿಂದ ಕಂತಿಗೆ ಬೆಳೆಯುತ್ತಿದೆ! ಬಾಗಿಲು, ಅಂಟು, ಇಸ್ತ್ರಿಪೆಟ್ಟಿಗೆ. ನೀನು ಹೊಲಿಗೆ ಬಿಟ್ಟು ಕಥೆ ಬರೆಯಬಹುದು. ‘ಸುಪರ್ದಿ’ ಅಕ್ಷರಮಾಲೆಯ ಆ ತುದಿಯಲ್ಲಿದೆ ತಾಯಿ. ಅಲ್ಲಿಗೆ ಹೋಗುವಷ್ಟರಲ್ಲಿ ಗುಂಡಿ ಕಾಲೇಜು ಸೇರಿರುತ್ತಾಳೆ.

ಕೇವಿಯಟ್: ‘ನನ್ನ ವಿರುದ್ಧ ಯಾರಾದರೂ ಬಂದರೆ ನನ್ನನ್ನು ಕೇಳದೆ ಆದೇಶ ಕೊಡಬೇಡಿ’ ಎಂದು ಮೊದಲೇ ನ್ಯಾಯಾಲಯಕ್ಕೆ ಸಲ್ಲಿಸುವ ಮನವಿ. ಕಳ್ಳ ಬರುವ ಮುನ್ನವೇ ಚಿಲಕ ಹಾಕಿದಂತೆ.

ಅಣ್ಣ

•

ಏಪ್ರಿಲ್ ೨

ತಂಗಿಗೆ,

ಗಿರಾಕಿಗೆ ಶುಭ ಸಮಾಚಾರ: ‘ಜ’ ಬಂತು! ಸಾಲಿನಲ್ಲಿ ನಿಂತು ಕಾಲು ನೋಯಿಸಿಕೊಂಡವಳಿಗಾಗಿ ಇದನ್ನು ಅಕ್ಕರೆಯಿಂದ ಬರೆದಿದ್ದೇನೆ.

ಜಾರಿ: ನ್ಯಾಯಾಲಯದ ಕಾಗದವನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವುದು. ಕಾಗದ ಕೈಗೆ ತೆಗೆದುಕೊಳ್ಳದಿದ್ದರೆ ಕೇಸು ನಡೆಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಬೇಡ ಎಂದು ಹಿಂದಿರುಗಿಸಿದರೂ ಜಾರಿಯಾದಂತೆಯೇ ಲೆಕ್ಕ. ಬಾಗಿಲಿಗೆ ಅಂಟಿಸಿ ಹೋದರೂ ಜಾರಿಯೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕ ಕುರುಡಾಗುವುದಿಲ್ಲ. ಆದ್ದರಿಂದ ಕಾಗದ ಬಂದರೆ ಧೈರ್ಯವಾಗಿ ತೆಗೆದುಕೊಳ್ಳಿ, ಒಡೆಯಿರಿ, ಹೇಳಿದ ದಿನ ಹೋಗಿ ನಿಲ್ಲಿ. ಹಾಜರಾದವರ ಮಾತನ್ನು ಮಾತ್ರ ನ್ಯಾಯಾಲಯ ಕೇಳಬಲ್ಲದು.

ಹೇಗಿದೆ? ನನ್ನ ಪುಸ್ತಕದಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿರುವುದು ಅನ್ನಿಸುತ್ತದೆ.

ಅಣ್ಣ

•

ಏಪ್ರಿಲ್ ೩

ಅಣ್ಣಾ,

ಗುಂಡಿಯನ್ನು ಕರೆದುಕೊಂಡು ಹೋದರು.

ಅವರು, ಅವರ ವಕೀಲ, ಕೋರ್ಟಿನ ಅಮೀನ, ಜೊತೆಗೆ ಒಬ್ಬ ಮಹಿಳಾ ಪೊಲೀಸ್. ಬೆಳಿಗ್ಗೆ ಅವಳಿಗೆ ಜಡೆ ಹಾಕುತ್ತಿದ್ದೆ. ಅವಳನ್ನು ಅವರ ಸುಪರ್ದಿಗೆ ಕೊಡಬೇಕೆಂದು ಆದೇಶ ಆಗಿದೆಯಂತೆ. ನಾನು ಬರಲಿಲ್ಲವಂತೆ. “ನಂಗೆ ಯಾರೂ ಏನೂ ಕೊಟ್ಟಿಲ್ಲ” ಅಂದೆ. ವಕೀಲ ಲಕೋಟೆಯ ನಕಲು ತೋರಿಸಿದ. ಅಂಚೆಯವರು ಅವತ್ತು ಗೀಚಿದ್ದು ಅದರ ಮೇಲೆ ಇತ್ತು: ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ.’

ಗಿರಾಕಿ ಯಾರೂ ಇರಲಿಲ್ಲ ಅಣ್ಣಾ. ನಾನೇ.

ಒಂದೇ ಜಡೆ ಹಾಕಿ ಆಗಿತ್ತು. ಇನ್ನೊಂದು ಕಡೆಯ ಕೂದಲು ಬಿಚ್ಚಿಕೊಂಡೇ ಹೋದಳು. ಗಲಾಟೆ ಮಾಡಲಿಲ್ಲ. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಒಂದಿಷ್ಟು ಧೈರ್ಯ ಬರುತ್ತಿತ್ತು.

•

ಏಪ್ರಿಲ್ ೧೦

ಪುಟ್ಟಾ,

ನಿನ್ನ ಕಾಗದ ಓದಿ ಮುಗಿಸುವಷ್ಟರಲ್ಲಿ ನನಗೆ ನೆನಪಾದದ್ದು ಒಂದೇ. ನನ್ನ ‘ಜಾರಿ’ ಈ ಹೊತ್ತಿಗೆ ನಿನ್ನ ಕೈ ಸೇರಿರುತ್ತದೆ. ಬೆಕ್ಕಿನ ಗಾದೆ ಸಮೇತ. ಅದನ್ನು ಓದಬೇಡ. ಓದಿದ್ದರೆ ಒಲೆಗೆ ಹಾಕು.

ನೀನು ನವೆಂಬರಿನಲ್ಲಿ ಕೇಳಿದೆ. ನಾಲ್ಕು ಸಾಲಿನ ಉತ್ತರ ಅದು. ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಅಕ್ಷರಮಾಲೆ ಹಿಡಿದು ಕೂತೆ. ಅತ್ತಿಗೆಯ ಆಟವನ್ನು ನೀನು ಆಡುತ್ತಿದ್ದೀಯ ಎಂದುಕೊಂಡು ಅದರಲ್ಲೇ ಸುಖಪಟ್ಟೆ. ಮನೆಯಲ್ಲಿ ಮತ್ತೆ ಯಾರೋ ಪ್ರಶ್ನೆ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಸುಖ ನನ್ನ ಕಣ್ಣು ಕಟ್ಟಿತು.

ಇನ್ನೊಂದಿದೆ. ಅದನ್ನೂ ಬಚ್ಚಿಡಲಾರೆ. ಡಿಸೆಂಬರಿನಲ್ಲಿ ನಿನ್ನ ಗಂಡ ಇಲ್ಲಿಗೆ ಬಂದಿದ್ದ. ಕೂರಲಿಲ್ಲ, ಹೊಸ್ತಿಲಲ್ಲೇ ನಿಂತು, “ನೀವಾದ್ರೂ ಅವಳಿಗೆ ಹೇಳಿ. ಕೋರ್ಟು ಕರೆದ್ರೂ ಬರಲ್ಲ ಅಂತಾಳೆ” ಅಂದ. ನನಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಗಂಡಹೆಂಡಿರ ಜಗಳ, ನಡುವೆ ಹೋದವನಿಗೆ ನೆಮ್ಮದಿಯಿಲ್ಲ ಎಂದು ಸುಮ್ಮನಾದೆ. ನಿನ್ನನ್ನು ನೋಯಿಸಬಾರದೆಂದು ನಾನು ಮುಚ್ಚಿಟ್ಟೆ, ನನ್ನನ್ನು ನೋಯಿಸಬಾರದೆಂದು ನೀನು. ನಾವಿಬ್ಬರೂ ಒಳ್ಳೆಯವರಾಗಲು ಹೋಗಿ ಮಗುವನ್ನು ಕಳೆದುಕೊಂಡೆವು.

ಆ ಕೋರ್ಟಿನ ಜವಾನ ನಿನ್ನ ಹೆಸರನ್ನು ಮೂರು ಸಲ ಕೂಗಿರುತ್ತಾನೆ. ನನ್ನಂಥವನೊಬ್ಬ ‘ಗೈರುಹಾಜರು’ ಎಂದು ಬರೆದಿರುತ್ತಾನೆ. ನಾನೂ ನೂರಾರು ಸಲ ಬರೆದಿದ್ದೇನೆ. ಆ ಹೆಸರಿನವರು ಮನೆಯಲ್ಲಿ ಹೆದರಿ ಕೂತಿರಬಹುದೆಂದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಏಕಪಕ್ಷೀಯ ಆದೇಶವನ್ನು ರದ್ದು ಮಾಡಿ ಎಂದು ಅರ್ಜಿ ಹಾಕಲು ದಾರಿ ಇದೆ. ಬರದೇ ಇದ್ದದ್ದಕ್ಕೆ ತಕ್ಕ ಕಾರಣ ತೋರಿಸಬೇಕು. ವಾರದೊಳಗೆ ಬರುತ್ತೇನೆ.

ಅಣ್ಣ

•

ಏಪ್ರಿಲ್ ೧೪

ಅಣ್ಣನಿಗೆ,

‘ಜಾರಿ’ ಕಂತು ಅವಳು ಹೋದ ನಾಲ್ಕನೆಯ ದಿನ ಬಂತು. ಓದಿದೆ. ನೀನು ಹೇಳಿದ್ದು ನಿಜ, ತುಂಬಾ ಚೆನ್ನಾಗಿ ಬಂದಿದೆ. ಎಂಥ ದಡ್ಡರಿಗೂ ಅರ್ಥವಾಗುತ್ತದೆ.

ಆರೋಪಿಗಾಗಿ ಸರದಿ ತಪ್ಪಿಸಿದೆ. ನನಗಾಗಿ ತಪ್ಪಿಸಲಿಲ್ಲ.

ಬರೆದದ್ದನ್ನು ಹೊಡೆದುಹಾಕಲು ಹೋದೆ, ಬಿಟ್ಟೆ. ತಪ್ಪು ನಿನ್ನೊಬ್ಬನದೆಂದು ಹೇಳುತ್ತಿಲ್ಲ. ನಾನು ನಿಜ ಹೇಳಿದ್ದರೆ ನೀನು ಅಂದೇ ಬಸ್ಸು ಹತ್ತುತ್ತಿದ್ದೆ. ಆದರೂ ಕೋಪ ಬಂದಿದೆ, ಬಂದಿಲ್ಲ ಎಂದು ಯಾಕೆ ಸುಳ್ಳು ಹೇಳಲಿ? ಬಾ. ಬಂದರೆ ಕೋಪ ಮಾಡಿಕೊಳ್ಳುವುದಕ್ಕಾದರೂ ಒಬ್ಬರು ಇರುತ್ತಾರೆ.

ಮಾಸ್ತರು ಅಂಗಡಿಯಲ್ಲಿ ನನ್ನ ಮುಖ ನೋಡುತ್ತಿಲ್ಲ. ಅವರ ಷಡ್ಡಕ ತಪ್ಪಿಸಿಕೊಂಡಿರಲಿಲ್ಲವಂತೆ. ಎದುರಿನವರೇ ಕೇಸು ಕೈಬಿಟ್ಟಿದ್ದರಂತೆ.

ತಂಗಿ

•

ಜುಲೈ ೨೨

ಅಣ್ಣನಿಗೆ,

ಕ್ಷೇಮವಾಗಿ ತಲುಪಿದೆಯಾ? ನೀನಿದ್ದ ಮೂರು ತಿಂಗಳು ಮನೆಯಲ್ಲಿ ಇನ್ನೊಂದು ತಟ್ಟೆ ಇತ್ತು. ಅರ್ಜಿ ವಜಾ ಆದ ದಿನ ಕೋರ್ಟಿನ ಮೆಟ್ಟಿಲ ಮೇಲೆ ನೀನು ಅತ್ತದ್ದು ನನಗೆ ಗೊತ್ತಾಗಲಿಲ್ಲ ಎಂದು ತಿಳಿದಿದ್ದೀಯ. ಗೊತ್ತಾಯಿತು. ಕಾಗದ ಬೇಡವೆಂದದ್ದು ‘ತಕ್ಕ ಕಾರಣ’ ಅಲ್ಲ ಎಂದು ಜಡ್ಜ್ ಹೇಳಿದಾಗ ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಮೇಲ್ಮನವಿಯ ಕಾಗದಕ್ಕೆ ಸಹಿ ಹಾಕಿದ್ದೇನೆ. ಅದು ಯಾವಾಗ ವಿಚಾರಣೆಗೆ ಬರುತ್ತದೋ ನಮ್ಮ ವಕೀಲಮ್ಮನಿಗೂ ಗೊತ್ತಿಲ್ಲ.

ಅಲ್ಲಿಯವರೆಗೆ ನನಗೆ ಸಿಕ್ಕಿರುವುದು ‘ಭೇಟಿಯ ಹಕ್ಕು’. ಇದಕ್ಕೆ ಅರ್ಥ ನಾನು ಬರೆದುಕೊಡುತ್ತೇನೆ, ಪುಸ್ತಕಕ್ಕೆ ಹಾಕು. ತಿಂಗಳಿಗೊಂದು ಶನಿವಾರ, ಕೋರ್ಟಿನ ಹಿಂಭಾಗದ ಕೋಣೆ, ಎರಡು ಗಂಟೆ. ಗೋಡೆಯ ಮೇಲೆ ಜಿರಾಫೆಯ ಚಿತ್ರ, ಮೂಲೆಯಲ್ಲಿ ಚಕ್ರವಿಲ್ಲದ ಆಟದ ಕಾರು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುವ ಒಬ್ಬ ಗುಮಾಸ್ತೆ. ಹೆತ್ತವಳು ಅಲ್ಲಿ ಅತಿಥಿ.

ಮೊನ್ನೆಯದು ಮೊದಲ ಭೇಟಿ. ಗುಂಡಿ ಎತ್ತರವಾಗಿದ್ದಾಳೆ. ಹಲ್ಲು ಪೂರ್ತಿ ಬಂದಿವೆ. ಕೋಟಿನ ಒಂದು ಗುಂಡಿ ನೂಲಿನ ಕೊನೆಯಲ್ಲಿ ಜೋತಾಡುತ್ತಿತ್ತು. ನನ್ನ ಚೀಲದಲ್ಲಿ ಸೂಜಿ ಇದ್ದೇ ಇರುತ್ತದಲ್ಲ, ಹೊಲಿದುಕೊಡೋಣವೆಂದು ಕೈ ಚಾಚಿದೆ. ಹಿಂದೆ ಸರಿದಳು. ಜಿರಾಫೆಯನ್ನೇ ನೋಡುತ್ತ ಕೇಳಿದಳು: “ನಾನು ಬೇಡ ಅಂತ ನೀನು ಬರೆಸಿದ್ಯಂತೆ. ಹೌದಾ?”

ಅವಳ ಅಪ್ಪ ಸುಳ್ಳು ಹೇಳಿಲ್ಲ. “ನಿಮ್ಮಮ್ಮನ್ನ ಕೋರ್ಟು ಕರೀತು, ಅವಳು ಬೇಡ ಅಂದ್ಲು” ಎಂದು ಅಷ್ಟೇ ಹೇಳಿದ್ದಾರೆ. ಮಿಕ್ಕಿದ್ದನ್ನು ಅವಳೇ ಹೊಲಿದುಕೊಂಡಿದ್ದಾಳೆ. ನನ್ನ ಮಗಳಲ್ಲವೇ.

ನಾನು ಏನೇನೋ ಹೇಳಿದೆ. ಅಳು ಬಂದು ಮಾತು ಕಲಸಿಹೋಯಿತು. ಅವಳಿಗೆ ಅರ್ಥವಾಗಲಿಲ್ಲ. ನಿನಗೆ ಇಂಥದ್ದನ್ನು ಬಿಡಿಸಿ ಹೇಳಲು ಬರುತ್ತದೆ. ಎಂಟು ವರ್ಷದವಳಿಗೆ ತಿಳಿಯುವ ಹಾಗೆ ಬರೆದು ಕಳಿಸು. ಈ ಒಂದು ಸಲ ಸರದಿ ನೋಡಬೇಡ.

ತಂಗಿ

•

ಆಗಸ್ಟ್ ೧

ಪುಟ್ಟಾ,

ಹಾಳೆ ಹರಿದು ಹರಿದು ಬರೆದೆ. ಇಷ್ಟು ಕಷ್ಟದ ಪದ ನನಗೆ ಇದುವರೆಗೆ ಸಿಕ್ಕಿರಲಿಲ್ಲ. ಮುಂದಿನ ಭೇಟಿಯಲ್ಲಿ ಅವಳ ಕೈಗೇ ಕೊಡು, ತಾನೇ ಓದಲಿ.

“ಗುಂಡಿಗೆ ಮಾವ ಬರೆಯುವುದು.

ಕೋರ್ಟು ಎಂದರೆ ದೊಡ್ಡವರ ಜಗಳ ಬಿಡಿಸುವ ಜಾಗ. ಅಪ್ಪ ಅಮ್ಮ ಇಬ್ಬರಿಗೂ ನೀನು ಬೇಕು. ‘ಗುಂಡಿ ಯಾರ ಹತ್ತಿರ ಇರಬೇಕು, ಬಂದು ಮಾತಾಡಿ’ ಎಂದು ಕೋರ್ಟು ಅಮ್ಮನಿಗೆ ಒಂದು ಕಾಗದ ಕಳಿಸಿತು. ಆ ಕಾಗದ ಮುಟ್ಟಿದರೆ ನಿನ್ನನ್ನು ಕರೆದುಕೊಂಡು ಹೋಗುತ್ತಾರೆ, ಮುಟ್ಟದಿದ್ದರೆ ಇಲ್ಲ ಎಂದು ಯಾರೋ ಅವಳಿಗೆ ತಪ್ಪು ಹೇಳಿದರು. ಅವಳು ನಂಬಿದಳು. ಅವಳು ‘ಬೇಡ’ ಅಂದದ್ದು ಆ ಕಾಗದಕ್ಕೆ. ನೀನು ಬೇಕೇ ಬೇಕು ಎಂದೇ ಕಾಗದ ಬೇಡ ಅಂದಳು. ಸರಿ ಯಾವುದು, ತಪ್ಪು ಯಾವುದು ಎಂದು ಅವಳು ಮಾವನನ್ನು ಕೇಳಿದಳು. ಮಾವನಿಗೆ ಗೊತ್ತಿತ್ತು. ಆದರೆ ತಡವಾಗಿ ಹೇಳಿದ. ಬೈಯುವುದಿದ್ದರೆ ಮಾವನನ್ನು ಬೈ.”

ಪುಸ್ತಕ ನಿಲ್ಲಿಸಿದ್ದೇನೆ. ನನಗೆ ಆರೋಗ್ಯ ಸರಿಯಿಲ್ಲ ಎಂದು ಪ್ರೆಸ್ಸಿನವರಿಗೆ ಹೇಳಿ ಕಳಿಸಿದೆ. ಹಾಳೆಗಳನ್ನು ಕುರ್ಚಿಯಿಂದ ತೆಗೆದು ಕಪಾಟಿನೊಳಗೆ ಇಟ್ಟೆ.

ಅಣ್ಣ

•

ಆಗಸ್ಟ್ ೧೭

ಅಣ್ಣನಿಗೆ,

ಭೇಟಿ ಮುಗಿಸಿ ಈಗ ತಾನೇ ಮನೆಗೆ ಬಂದೆ. ಚಪ್ಪಲಿ ಬಿಟ್ಟವಳೇ ಬರೆಯಲು ಕೂತಿದ್ದೇನೆ.

ಗುಂಡಿ ನಿನ್ನ ಕಾಗದವನ್ನು ಬೆರಳಿಟ್ಟು ಓದಿದಳು. ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ನನ್ನನ್ನು ನೋಡದೆಯೇ ಕೇಳಿದಳು: “ಹಾಗಾದ್ರೆ ನೀನು ಅವತ್ತು ಆ ಕಾಗದ ತಗೊಂಡಿದ್ರೆ, ನಾನು ಈಗ ಮನೇಲಿ ಇರ್ತಿದ್ನಾ?”

ಗೊತ್ತಿಲ್ಲ ಎನ್ನಬಹುದಿತ್ತು. ವಕೀಲಮ್ಮ ಹಾಗೆಯೇ ಹೇಳುತ್ತಾರೆ. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ನಾವು ಎಲ್ಲಿಗೆ ಬಂದು ನಿಂತಿದ್ದೇವೆ ನೋಡು. “ಇರ್ತಿದ್ದೆ ಅನ್ಸುತ್ತೆ ಕಣೇ” ಅಂದೆ.

ಅವಳು ಅತ್ತಳು. ಅವತ್ತು ಬೆಳಿಗ್ಗೆ ಅಳದೆ ಉಳಿಸಿಕೊಂಡಿದ್ದನ್ನೂ ಸೇರಿಸಿ ಅತ್ತಳು. ಗುಮಾಸ್ತೆ ಪತ್ರಿಕೆ ಮಡಿಸಿಟ್ಟು ಹೊರಗೆ ಹೋದ. ಎಷ್ಟೋ ಹೊತ್ತಾದ ಮೇಲೆ ಅವಳು ಕೋಟಿನ ಜೇಬಿಗೆ ಕೈ ಹಾಕಿ ಬಿದ್ದುಹೋಗಿದ್ದ ಆ ಗುಂಡಿಯನ್ನು ತೆಗೆದು ನನ್ನ ಅಂಗೈಗೆ ಹಾಕಿದಳು. ಹೋದ ಭೇಟಿಯಿಂದಲೂ ಇಟ್ಟುಕೊಂಡಿದ್ದಳಂತೆ. ಅವಳು ಮೈಮೇಲಿನ ಕೋಟು ಬಿಚ್ಚಲಿಲ್ಲ, ನಾನೂ ಬಿಚ್ಚು ಅನ್ನಲಿಲ್ಲ. ಹತ್ತಿರ ಕೂರಿಸಿಕೊಂಡು, ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಹೊಲಿದೆ. ಅಷ್ಟರಲ್ಲಿ ಗಂಟೆ ಆಯಿತೆಂದು ಬಾಗಿಲು ಬಡಿದರು.

ಪುಸ್ತಕ ನಿಂತಿದೆ ಎಂದು ಅವಳಿಗೆ ಹೇಳಿದೆ. ಅದು ಅವಳಿಗೆ ಸರಿಬರಲಿಲ್ಲ. ಹೋಗುವಾಗ ಬಾಗಿಲಿನಿಂದ ಹಿಂದಿರುಗಿ ಬಂದು ಹೇಳಿದಳು: “ಮಾವಂಗೆ ಬರಿ ಅಂತ ಹೇಳು. ಕಾಗದ ತಗೋಬೇಕು ಅನ್ನೋದನ್ನ ಮೊದಲನೇ ಹಾಳೇಲಿ ಹಾಕ್ಲಿ. ‘ಅ’ಗಿಂತ ಮುಂಚೆ.”

ತಂಗಿ